ಘಾಟು ತೆರೆಯುವ ಮುನ್ನ

"ಅವ್ವಾ, ಈ ಬಿಸಲು ನಿನ್ನ ಸೊಸಿಗಿ ತಡಿಯಂಗಿಲ್ಲ" ಎಂದ ಅಂಬಾರಾಯ. "ಇನ್ನೊಂದು ಬ್ಯಾಸಗಿ ಇಲ್ಲಿ ಇದ್ರ ಆಕಿ ಉಳಿಯಂಗಿಲ್ಲ. ನಾವು ಹೋಗಬೇಕಂತ ಮಾಡೇವಿ."

ಗುರುಶಾಂತಮ್ಮ ರೊಟ್ಟಿ ಬಡಿಯುತ್ತಿದ್ದಳು. ಮಗನ ಮಾತಿಗೆ ಅವಳ ಕೈ ನಿಲ್ಲಲಿಲ್ಲ, ಬಡಿತ ಮಾತ್ರ ಜೋರಾಯಿತು. ಹಿಟ್ಟು ನಾದುವ ಕೊಣಮಿಗೆಯ ಮೇಲೆ ರೊಟ್ಟಿ ಹರಿದುಹೋಯಿತು. ಅದನ್ನು ಮತ್ತೆ ಮುದ್ದೆ ಮಾಡಿ ನಾದುತ್ತ, "ಎಲ್ಲಿಗಿ?" ಎಂದಳು. ಎಲ್ಲಿಗೆಂದು ಅವಳಿಗೆ ಗೊತ್ತಿತ್ತು.

"ಆಕಿ ತವರಿಗಿ. ಮಿರಗದ ಮಳಿ ಹೊತ್ತಿಗಿ ಅಲ್ಲಿ ಬರ್ಫ್ ಕರಗಿ ಬೆಟ್ಟದ ಘಾಟ್ ರಸ್ತಾ ತೆರೀತದ. ಲಾರಿ ಹೊಡ್ಯಾಕ ಡ್ರೈವರ್ ಬೇಕಾಗ್ತಾರ. ಮಾವ ಹೇಳಿ ಕಳಿಸ್ಯಾನ."

"ಕಾಯಂ ಹೋಗ್ತೀರೇನು?"

ಅಂಬಾರಾಯ ಒದ್ದೆ ಟಾವೆಲನ್ನು ತಲೆಗೆ ಸುತ್ತಿಕೊಂಡು ಒಳಗಿನ ಕತ್ತಲೆ ಕೋಣೆಗೆ ಹೋಗಿ ಬರಿ ನೆಲದ ಮೇಲೆ ಮಲಗಿದ. ಗುರುಶಾಂತಮ್ಮ ಹಂಚಿನ ಮೇಲಿನ ರೊಟ್ಟಿ ಕಪ್ಪಾಗುವವರೆಗೂ ಅದನ್ನೇ ನೋಡುತ್ತ ಕೂತಳು.

ಅದು ಎಪ್ಪತ್ತೊಂಬತ್ತರ ವೈಶಾಖ. ಮಾದನಹಿಪ್ಪರಗಾದ ಎರೆ ಹೊಲಗಳು ಬಾಯಿ ಬಿಟ್ಟು ಮಲಗಿದ್ದವು. ಮುಂಜಾನೆಯ ಆಳಂದ ಬಸ್ಸು ಹೋಯಿತೆಂದರೆ ಊರಿನ ಓಣಿಗಳು ಬರಿದಾಗುತ್ತಿದ್ದವು. ಗಾಳಿ ಬೀಸಿದರೆ ಒಲೆಯ ಬಾಯಿ ತೆರೆದ ಹಾಗೆ ಮುಖಕ್ಕೆ ಹೊಡೆಯುತ್ತಿತ್ತು. ಈ ಬಿಸಿಲನ್ನು ಗುರುಶಾಂತಮ್ಮ ಬೈದವಳೇ ಅಲ್ಲ. ಅವಳ ತವರು ಅಫಜಲಪುರ ತಾಲೂಕಿನ ಸೊನ್ನ. ಭೀಮಾ ಹೊಳೆಯ ನೀರಿನಲ್ಲಿ ಆಡಿ ಬೆಳೆದವಳು. ಮದುವೆಯಾಗಿ ಈ ಒಣ ನೆಲಕ್ಕೆ ಬಂದ ಮೊದಲ ಬೇಸಿಗೆಯಲ್ಲಿ ಅವಳೂ ಅತ್ತಿದ್ದಳು. ಎರಡನೆಯ ಬೇಸಿಗೆಯಲ್ಲಿ ಅಳಲಿಲ್ಲ. ಗಂಡ ತೀರಿಕೊಂಡ ಮೇಲೆ ಹೊಲವನ್ನೂ ಮನೆಯನ್ನೂ ಒಬ್ಬಳೇ ಹಿಡಿದು ನಿಂತಾಗ, ಬಿಸಿಲು ಎನ್ನುವುದು ಮೈಮೇಲಿನ ಸೀರೆಯಷ್ಟೇ ರೂಢಿಯಾಗಿತ್ತು.

ಅವಳ ಒಬ್ಬನೇ ಮಗ ಅಂಬಾರಾಯ ಚೀನಾ ಯುದ್ಧದ ಮರುವರ್ಷ ಮಿಲಿಟರಿಗೆ ಸೇರಿದವನು. ರಸ್ತೆ ಮಾಡುವ ದಂಡಿನಲ್ಲಿ ಲಾರಿ ಓಡಿಸುತ್ತಿದ್ದ. ನೌಕರಿಯ ಬಹುಪಾಲು ಹಿಮಾಚಲದ ಬೆಟ್ಟಗಳಲ್ಲೇ ಕಳೆಯಿತು. ರಜೆಗೆ ಬಂದಾಗಲೆಲ್ಲ ಚಹಾದ ಅಂಗಡಿಯಲ್ಲಿ ಕೂತು, "ಅಲ್ಲಿ ಬ್ಯಾಸಗ್ಯಾಗ ಊಟ ಮಾಡಿ ಕೈ ತೊಳಕೊಂಡ ಮ್ಯಾಲೂ ಹೊತ್ತು ಇರ್ತದ. ಹೊತ್ತು ಮುಳುಗಿ ಎಷ್ಟೋ ಹೊತ್ತಿನ ತನಕ ಬೆಳಕು ಬೆಟ್ಟದ ಮ್ಯಾಲೆ ಕುಂತಿರ್ತದ" ಎನ್ನುತ್ತಿದ್ದ. ಕೇಳಿದವರು ನಗುತ್ತಿದ್ದರು. ಗುರುಶಾಂತಮ್ಮನಿಗೆ ಆ ಮಾತು ಕೇಳಿದಾಗಲೆಲ್ಲ ಎದೆಯಲ್ಲಿ ಸಣ್ಣಗೆ ಚುಚ್ಚುತ್ತಿತ್ತು. ಮಗನ ದನಿಯಲ್ಲಿ ಹುಟ್ಟೂರಿನ ಬಗ್ಗೆ ಅಂಥ ಆಸೆ ಅವಳು ಎಂದೂ ಕೇಳಿರಲಿಲ್ಲ.

ಹೋದ ದೀಪಾವಳಿಗೆ ಮುಂಚೆ ಅವನು ಪಿಂಚಣಿ ತೆಗೆದುಕೊಂಡು ಬಂದ. ಜೊತೆಗೆ ಹೆಂಡತಿಯೂ ಬಂದಳು. ಹೆಸರು ಬಿಮಲಾ. ಘಾಟಿನ ರಸ್ತೆಯಲ್ಲಿ ಚಹಾದಂಗಡಿ ಇಟ್ಟವನ ಮಗಳು. ಊರಿನವರ ಬಾಯಲ್ಲಿ ಎರಡೇ ದಿನಕ್ಕೆ ಅವಳು ವಿಮಲಾಬಾಯಿಯಾದಳು. ಕೇಳದೆ ಮದುವೆಯಾದನೆಂದು ಗುರುಶಾಂತಮ್ಮನಿಗೆ ಸಿಟ್ಟಿತ್ತು. ಆದರೂ ನುಂಗಿಕೊಂಡಳು. ಮಠದ ಅಯ್ಯನವರನ್ನು ಕರೆಸಿ ಸೊಸೆಗೆ ಲಿಂಗ ಕಟ್ಟಿಸಿದಳು. ರೊಟ್ಟಿ ಬಡಿಯಲು ಕಲಿಸಿದಳು, ಮಾತು ಕಲಿಸಿದಳು. ನಿಜಾಮನ ಕಾಲದಲ್ಲಿ ಕಲಿತ ಉರ್ದುವಿನ ನಾಲ್ಕು ಮಾತು ಅತ್ತೆಯ ಹತ್ತಿರ ಇದ್ದವು, ಹೊಸದಾಗಿ ಕಲಿತ ಕನ್ನಡದ ನಾಲ್ಕು ಮಾತು ಸೊಸೆಯ ಹತ್ತಿರ. ಅಷ್ಟರಲ್ಲೇ ಚಳಿಗಾಲ ಚೆನ್ನಾಗಿ ಕಳೆದಿತ್ತು.

ಬೇಸಿಗೆ ಬಂದಂತೆ ಬಿಮಲಾಳ ಮುಖ ಕೆಂಪಾಗಿ ಸಿಪ್ಪೆ ಸುಲಿಯಿತು. ಬೆನ್ನಿನ ತುಂಬ ಬೆವರುಗುಳ್ಳೆ ಎದ್ದವು. ಊಟ ಕಡಿಮೆಯಾಯಿತು. ಆದರೂ ಹೊತ್ತಲ್ಲದ ಹೊತ್ತಿನಲ್ಲಿ ಮಾಳಿಗೆ ಹತ್ತಿ ಕೂರುತ್ತಿದ್ದಳು. ಪಕ್ಕದ ಮನೆಯ ಸಕ್ಕುಬಾಯಿ ಅದನ್ನು ನೋಡಿ, "ಅಕ್ಕಾ, ನಿನ್ನ ಸೊಸಿ ಬಸ್ಸಿನ ದಾರಿ ನೋಡ್ತಾಳ. ಹಕ್ಕಿ ಹಾರಾಕ ನಿಂತದ" ಎಂದಿದ್ದಳು. ಆಗ ಗುರುಶಾಂತಮ್ಮ ಅವಳ ಮೇಲೆ ರೇಗಿದ್ದಳು. ಈಗ ಮಗನ ಬಾಯಿಂದಲೇ ಅದು ಬಂದಿತ್ತು.

ಆ ಸಂಜೆ ಅವಳು ಏಣಿ ಹತ್ತಿದಳು. ಬಿಮಲಾ ಮಾಳಿಗೆಯ ಕಟ್ಟೆಗೆ ಒರಗಿ ಪಡುವಣಕ್ಕೆ ಮುಖ ಮಾಡಿ ಕೂತಿದ್ದಳು. ಮುಳುಗುವ ಸೂರ್ಯನ ಉರಿ ನೇರ ಅವಳ ಮುಖದ ಮೇಲಿತ್ತು.

"ನಾನೂ ಹೊಳಿ ದಂಡಿ ಬಿಟ್ಟು ಬಂದಾಕಿ ಬೇ" ಎಂದಳು ಗುರುಶಾಂತಮ್ಮ, ನಿಂತಲ್ಲಿಂದಲೇ. "ನನಗೂ ಮೈ ಸುಟ್ಟಿತ್ತು. ಗಂಡನ್ನ ಕರಕೊಂಡು ತವರಿಗಿ ಓಡಲಿಲ್ಲ ನಾ."

ಬಿಮಲಾ ಎದ್ದು ನಿಂತಳು. ಬಾಯಿ ತೆರೆದಳು. ಆಮೇಲೆ ಕೆಳಗೆ ಅಂಗಳದಲ್ಲಿ ಕೂತ ಗಂಡನ ಕಡೆ ಒಮ್ಮೆ ನೋಡಿ, "ಅತ್ತಿ, ನಾ ಏನೂ ಅಂದಿಲ್ಲ" ಎಂದಷ್ಟೇ ಹೇಳಿದಳು.

"ಅಂದಿಲ್ಲಂತ! ನೀ ಅನ್ನದ ಆಂವ ಹೊಂಟಾನೇನು? ಒಬ್ಬನೇ ಮಗ ನನಗ. ಹದಿನೈದು ವರ್ಷ ಸರಕಾರಕ್ಕ ಕೊಟ್ಟೆ. ಈಗ ನಿನಗ ಕೊಡಬೇಕೇನು?"

ಬಿಮಲಾಳ ಕಣ್ಣಲ್ಲಿ ನೀರು ಬಂತು. ಆದರೆ ಮತ್ತೊಂದು ಮಾತು ಬರಲಿಲ್ಲ. ಆ ಮೌನವೇ ತಪ್ಪೊಪ್ಪಿಗೆ ಎಂದು ಗುರುಶಾಂತಮ್ಮ ತಿಳಿದಳು. ಅಂದಿನಿಂದ ಸೊಸೆಯ ಕೈಯ ನೀರು ಕುಡಿಯುವುದನ್ನೂ ಬಿಟ್ಟಳು. ಬಿಮಲಾ ಚೊಂಬು ತಂದಿಟ್ಟರೆ ಎದ್ದು ಹೋಗಿ ಹರವಿಯಿಂದ ತಾನೇ ತುಂಬಿಕೊಳ್ಳುತ್ತಿದ್ದಳು. ಮೂರು ಜನರ ಮನೆಯಲ್ಲಿ ಪಾತ್ರೆಗಳ ಸದ್ದಿನ ಹೊರತು ಏನೂ ಕೇಳದಂತಾಯಿತು.

ಸಿಟ್ಟು ಒಳಗೇ ಕುದಿದು ಒಂದು ಮುಂಜಾನೆ ಮಗನ ಮೇಲೆ ಉಕ್ಕಿತು. ಅಂಬಾರಾಯ ಹೋಳಿಹುಣ್ಣಿಮೆ ಆದಂದಿನಿಂದ ಮಧ್ಯಾಹ್ನ ಹೊಲದ ಕಡೆ ಹೋಗಿದ್ದೇ ಇಲ್ಲ. ಆಳಂದದಲ್ಲಿ ಕೆಲಸವಿದೆ ಎನ್ನುತ್ತಿದ್ದ, ಇಲ್ಲವೇ ಕೋಣೆಯಲ್ಲಿ ಮಲಗುತ್ತಿದ್ದ. ಹೆಂಡತಿಯ ಸೆರಗು ಬಿಡಲಾರನೆಂದೇ ತಾಯಿ ಅಂದುಕೊಂಡಿದ್ದಳು.

"ಆಕಿಗಿ ತಡಿಯಂಗಿಲ್ಲಂದಿ. ನಿನಗೇನಾಗ್ಯಾದೋ?" ಎಂದಳು. "ನೀ ಈ ಮಣ್ಣಾಗ ಹುಟ್ಟಿದಾಂವ. ಹಳ್ಳದ ಕಡಿ ಒಡ್ಡು ಒಡೆದು ಬಿದ್ದದ. ಮಿರಗದ ಮಳಿ ಬಂದ್ರ ಮಣ್ಣೆಲ್ಲ ಹೋಗ್ತದ. ಹೋಗಾವ ಹೋಗ್ತಿ, ಅದೊಂದು ಹಾಕಿಯಾದರೂ ಹೋಗು. ಇಲ್ಲಾ ಅದನ್ನೂ ಮುದುಕಿ ನಾನೇ ಹಾಕಲೇನು?"

ಅಂಬಾರಾಯನ ಮುಖ ಕಪ್ಪಿಟ್ಟಿತು. "ನಾನೇ ಹಾಕ್ತೇನಿ" ಎಂದು ಸಲಿಕೆ ಹೆಗಲಿಗೇರಿಸಿದ. ಬಿಮಲಾ ಓಡಿ ಬಂದು ಅವರಿಬ್ಬರೂ ಆಡುವ ಹಿಂದಿಯಲ್ಲಿ ಏನೋ ಹೇಳಿ ತಡೆದಳು. ಅವನು ಅವಳ ಕೈ ಸರಿಸಿ ಹೋದ.

ಹೊತ್ತು ಏರಿತು. ಬುತ್ತಿಯ ವೇಳೆಗೆ ಅವನು ಬರಲಿಲ್ಲ. ಊರಿನ ಗಂಡಸರೆಲ್ಲ ಹೊಲದಿಂದ ಹಿಂದಿರುಗಿ ಬೇವಿನ ನೆರಳು ಹಿಡಿದರು. ಬಿಮಲಾ ಬಾಗಿಲಿಗೂ ಒಲೆಗೂ ತಿರುಗಾಡಿದಳು. ಕಡೆಗೆ ಕೊಡದಲ್ಲಿ ನೀರು ತುಂಬಿ ತಲೆಯ ಮೇಲೆ ಇಟ್ಟುಕೊಂಡಳು.

"ಈ ಬಿಸಲಾಗ ಎಲ್ಲಿಗಿ ಹೊಂಟಿ?" ಎಂದಳು ಗುರುಶಾಂತಮ್ಮ. "ಒಂದು ಹೊತ್ತು ದುಡದ್ರ ಗಂಡಸು ಕರಗಂಗಿಲ್ಲ."

"ಅವರಿಗಿ ಆಗಂಗಿಲ್ಲ ಅತ್ತಿ!" ಎಂದು ಬಿಮಲಾ ಕೂಗಿದಳು. ಅಷ್ಟು ದೊಡ್ಡ ದನಿ ಅವಳದೆಂದು ಆ ಮನೆಗೆ ಅಂದೇ ಗೊತ್ತಾಗಿದ್ದು. ಕೂಗಿದವಳು ನಿಲ್ಲದೆ ಹೊರಟೇಬಿಟ್ಟಳು.

'ಅವರಿಗಿ' ಎಂದಳಲ್ಲ, 'ನನಗ' ಎನ್ನಲಿಲ್ಲವಲ್ಲ, ಎಂದು ಗುರುಶಾಂತಮ್ಮನಿಗೆ ಒಂದು ಗಳಿಗೆ ತಡವಾಗಿ ಹೊಳೆಯಿತು. ಸೆರಗು ತಲೆಗೆಳೆದುಕೊಂಡು ಸೊಸೆಯ ಬೆನ್ನು ಹತ್ತಿದಳು.

ಹಳ್ಳ ದಾಟಿದ ಮೇಲೆ ದಾರಿಯಲ್ಲಿ ಒಂದೂ ಗಿಡವಿಲ್ಲ. ಮುಂದೆ ಬಿಮಲಾ ಓಡುನಡಿಗೆಯಲ್ಲಿ ಹೋಗುತ್ತಿದ್ದಳು. ಕೊಡದ ನೀರು ತುಳುಕಿ ಅವಳ ಬೆನ್ನ ಮೇಲೆ ಬಿದ್ದು, ನೋಡುನೋಡುತ್ತಿದ್ದಂತೆ ಆರುತ್ತಿತ್ತು. ಒಡ್ಡಿನ ಮೇಲೆ ಸಲಿಕೆ ನೆಟ್ಟಗೆ ನಿಂತಿತ್ತು. ಮನುಷ್ಯ ಕಾಣಲಿಲ್ಲ.

ಅವನು ಒಡ್ಡಿನ ಆಚೆ ಕಡೆ ಬಿದ್ದಿದ್ದ. ಕೆನ್ನೆ ಎರೆಮಣ್ಣಿನ ಹೆಂಟೆಗೆ ಒತ್ತಿಕೊಂಡಿತ್ತು. ಗುರುಶಾಂತಮ್ಮ ಹಣೆ ಮುಟ್ಟಿ ಕೈ ಹಿಂದೆಳೆದುಕೊಂಡಳು. ಹಂಚು ಮುಟ್ಟಿದ ಹಾಗಿತ್ತು. ಮೈಮೇಲೆ ಬೆವರಿನ ಹನಿಯಿಲ್ಲ, ಚರ್ಮ ಒಣಗಿ ಕಾದಿತ್ತು. ಬಿಸಿಲು ಬಡಿದವರನ್ನು ಅವಳು ಹಿಂದೆಯೂ ಕಂಡಿದ್ದಳು. ಬೆವರು ನಿಂತವರಲ್ಲಿ ಎದ್ದು ಕೂತವರು ಕಡಿಮೆ. "ಯಪ್ಪಾ, ಅಂಬೂ" ಎಂದು ಅಲ್ಲಾಡಿಸಿದಳು. ಅವನು ಕಣ್ಣು ತೆರೆದ. ಆದರೆ ತಾಯಿಯನ್ನು ನೋಡಲಿಲ್ಲ. ಹಿಂದಿಯಲ್ಲಿ ಯಾರಿಗೋ, ಬ್ರೇಕು ಹಿಡಿ, ಚಕ್ರದ ಕೆಳಗೆ ಕಲ್ಲು ಇಡು ಎಂದು ತೊದಲಿದ.

ಗುರುಶಾಂತಮ್ಮ ಮಗನ ತಲೆಯ ಹತ್ತಿರ ಕುಸಿದು ಕೂತಳು. ನಾನೇ ಕಳಿಸಿದೆ, ನಾನೇ ಕಳಿಸಿದೆ ಎನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

"ಅತ್ತಿ, ಸೀರಿ ಹಿಡೀರಿ!" ಬಿಮಲಾ ತನ್ನ ಸೆರಗನ್ನು ಬಿಚ್ಚಿ ಕೊಡದಲ್ಲಿ ಅದ್ದಿ ಗಂಡನ ಎದೆಯ ಮೇಲೆ ಹಾಸಿದಳು. "ಗಾಳಿ ಹಾಕ್ರಿ. ಅಳಬ್ಯಾಡ್ರಿ. ಗಾಳಿ!"

ಆ ಮಾತಿನ ಬಿಗಿಗೆ ಗುರುಶಾಂತಮ್ಮ ಎಚ್ಚೆತ್ತಳು. ಸೆರಗಿನ ಎರಡು ತುದಿ ಹಿಡಿದು ಇಬ್ಬರೂ ಅವನ ಮೇಲೆ ನೆರಳು ಮಾಡಿದರು, ಬೀಸಿದರು, ಮತ್ತೆ ಅದ್ದಿದರು. ಕೊಡದ ತಳ ಕಂಡಿತು. ಗುರುಶಾಂತಮ್ಮ ಒಡ್ಡು ಹತ್ತಿ ಊರ ಕಡೆ ಮುಖ ಮಾಡಿ ಕೂಗಿದಳು. ಹಳ್ಳದ ಕೆಳಗೆ ಎತ್ತುಗಳಿಗೆ ನೀರು ಕುಡಿಸುತ್ತಿದ್ದ ಭಗವಂತ ಎಂಬ ರೈತ ಅವಳ ದನಿ ಕೇಳಿ ಬಂಡಿ ತಿರುಗಿಸಿಕೊಂಡು ಬಂದ. ಬಂಡಿಯಲ್ಲಿ ಊರಿಗೆ, ಊರಿನಿಂದ ಹತ್ತಿ ವ್ಯಾಪಾರದವರ ಜೀಪಿನಲ್ಲಿ ಆಳಂದಕ್ಕೆ. ದಾರಿಯುದ್ದಕ್ಕೂ ಅಂಬಾರಾಯ ಒಮ್ಮೆ ನಡುಗಿದ, ಒಮ್ಮೆ ಸುಮ್ಮನಾದ. ಸುಮ್ಮನಾದಾಗಲೆಲ್ಲ ಇಬ್ಬರೂ ಹೆಂಗಸರು ಅವನ ಮೂಗಿನ ಹತ್ತಿರ ಬೆರಳಿಟ್ಟು ನೋಡಿದರು.

ಆಳಂದದ ದವಾಖಾನೆಯಲ್ಲಿ ಡಾಕ್ಟರು ನೋಡಿ, ಸಲಾಯಿನ್ ಹಚ್ಚಿಸಿ, "ಬರ್ಫ್ ಬೇಕು. ಈಗಿಂದೀಗ. ಎಷ್ಟು ಸಿಗ್ತದೋ ಅಷ್ಟು" ಎಂದರು. ಗುರುಶಾಂತಮ್ಮ ಏಳುವಷ್ಟರಲ್ಲಿ ಬಿಮಲಾ ಇರಲಿಲ್ಲ. ಬಜಾರದ ಐಸ್‌ಕ್ಯಾಂಡಿ ಕಾರ್ಖಾನೆಯಿಂದ ಗೋಣಿಚೀಲದಲ್ಲಿ, ಭತ್ತದ ಹೊಟ್ಟು ಮೆತ್ತಿದ ದೊಡ್ಡ ಗಡ್ಡೆಯನ್ನು ಬೆನ್ನ ಮೇಲೆ ಹೊತ್ತು ತಂದಳು. ನೀರು ಸೋರಿ ಅವಳ ಮೈಯೆಲ್ಲ ತೊಯ್ದಿತ್ತು. ಗಡ್ಡೆಯನ್ನು ಕಲ್ಲಿನಿಂದ ಒಡೆದು, ಬಟ್ಟೆಯಲ್ಲಿ ಕಟ್ಟಿ, ಕಂಕುಳಲ್ಲಿ, ಕತ್ತಿನಲ್ಲಿ, ತೊಡೆಯ ಸಂದಿನಲ್ಲಿ ಇಟ್ಟರು. ಗುರುಶಾಂತಮ್ಮನ ಬೆರಳು ಮರಗಟ್ಟಿದವು. ಸಂಜೆಯ ಹೊತ್ತಿಗೆ ಮಗನ ಹಣೆಯ ಮೇಲೆ ಒಂದು ಹನಿ ಬೆವರು ಮೂಡಿತು. ಡಾಕ್ಟರು ಮೊದಲ ಸಲ ಕುರ್ಚಿಯಲ್ಲಿ ಕೂತರು. "ಇನ್ನ ಫಿಕರ್ ಕಡಿಮಿ ಆತು. ಆದ್ರ ಇನ್ನ ಮ್ಯಾಲೆ ಇವರು ಬಿಸಲಾಗ ಹೋಗಬಾರದು. ಒಮ್ಮಿ ಬಡಿದ್ರ ಮತ್ತ ಬಡೀತದ" ಎಂದರು.

ಬೆಳಗಾಗುತ್ತಿದ್ದಂತೆ ಅತ್ತೆ ಸೊಸೆ ದವಾಖಾನೆಯ ಅಂಗಳದ ಬೇವಿನ ಗಿಡದ ಕೆಳಗೆ ಕೂತಿದ್ದರು. ಒಳಗೆ ಅಂಬಾರಾಯ ನಿದ್ದೆ ಮಾಡುತ್ತಿದ್ದ. ಬಿಮಲಾ ಎದುರಿಗಿನ ಹೋಟೆಲ್ಲಿನಿಂದ ಚಹಾ ತಂದು ಅಳುಕುತ್ತ ಮುಂದಿಟ್ಟಳು. ಗುರುಶಾಂತಮ್ಮ ಬಸಿ ಎತ್ತಿ ಕುಡಿದಳು. ಕುಡಿದು, ಬಸಿ ಕೆಳಗಿಟ್ಟು, ಎಲ್ಲೋ ನೋಡುತ್ತ ಹೇಳಿದಳು:

"ಕರಕೊಂಡು ಹೋಗು ತಂಗಿ. ಆಂವನ್ನ ನಿಮ್ಮೂರಿಗಿ ಕರಕೊಂಡು ಹೋಗು. ನಾ ಅಡ್ಡ ಬರಂಗಿಲ್ಲ. ಎಲ್ಲಿದ್ರೂ ಜೀವ ಇದ್ರ ಸಾಕು."

ಆ ಮಾತು ಹೇಳಲು ಅವಳು ಬೆಳತನಕ ಎದೆ ಗಟ್ಟಿ ಮಾಡಿಕೊಂಡಿದ್ದಳು. ಸೊಸೆ ಕಾಲಿಗೆ ಬಿದ್ದಾಳು, ಅತ್ತಾಳು ಎಂದುಕೊಂಡಿದ್ದಳು. ಬಿಮಲಾಳ ಮುಖ ಬಿಳಿಚಿಕೊಂಡಿತು.

"ಅವರು ಹೋಗಲಿ" ಎಂದಳು. "ನಾ ಹೋಗಂಗಿಲ್ಲ ಅತ್ತಿ. ನನ್ನ ಕಳಸಬ್ಯಾಡ್ರಿ."

ಗುರುಶಾಂತಮ್ಮನಿಗೆ ತಾನು ಕೇಳಿದ್ದು ಸರಿಯೋ ತಪ್ಪೋ ತಿಳಿಯಲಿಲ್ಲ. "ಮತ್ತ ಬಿಸಲು ತಡಿಯಂಗಿಲ್ಲಂತ..."

"ನನಗ ಬಿಸಲು ಬೇಕು" ಎಂದಳು ಬಿಮಲಾ.

ಆಮೇಲೆ ಅವಳು ಕನ್ನಡ, ಹಿಂದಿ, ಕೈಸನ್ನೆ ಎಲ್ಲವನ್ನೂ ಕೂಡಿಸಿ ಹೇಳಿದ್ದು ಗುರುಶಾಂತಮ್ಮನಿಗೆ ನಿಧಾನವಾಗಿ ಅರ್ಥವಾಯಿತು. ಅವಳ ಊರು ಬೆಟ್ಟದ ಬುಡದಲ್ಲಿ, ಇಕ್ಕಟ್ಟಾದ ಕಣಿವೆಯಲ್ಲಿ ಇತ್ತು. ಬೆಟ್ಟ ಊರಿನ ತೆಂಕಣಕ್ಕೆ. ಅಲ್ಲಿ ಚಳಿಗಾಲದ ಸೂರ್ಯ ಇಲ್ಲಿಯ ಹಾಗೆ ನೆತ್ತಿಗೆ ಬರುವುದಿಲ್ಲ, ತೆಂಕಣದಲ್ಲಿ ತಗ್ಗಿನಲ್ಲೇ ಸಾಗಿ ಮುಳುಗುತ್ತಾನೆ. ದೀಪಾವಳಿ ಕಳೆದ ಮೇಲೆ ಅವನು ಬೆಟ್ಟದ ತಲೆ ದಾಟಲಾರ. ಶಿವರಾತ್ರಿಯವರೆಗೆ ಊರಿನ ಮೇಲೆ ಬಿಸಿಲು ಬೀಳುವುದೇ ಇಲ್ಲ. ಹಗಲಿರುತ್ತದೆ, ಬಿಸಿಲಿರುವುದಿಲ್ಲ. ಹೊಳೆಯಾಚೆಯ ಇಳಿಜಾರಿನಲ್ಲಿ ಮಾತ್ರ ಹಳದಿ ಬಿಸಿಲು ಕಾಣುತ್ತದೆ. ಮನೆಯಲ್ಲಿ ಕೂತು ಅದನ್ನು ನೋಡಬೇಕು.

ಊರಿನ ಜನ ಅದಕ್ಕೆ ಹೊಂದಿಕೊಂಡಿದ್ದರು. ಉಣ್ಣೆ ನೂಲುತ್ತಿದ್ದರು, ಹಾಡುತ್ತಿದ್ದರು, ಮದುವೆಗಳನ್ನೂ ಮಾಡುತ್ತಿದ್ದರು. ಬಿಮಲಾಳ ತಾಯಿಗೆ ಮಾತ್ರ ಆಗುತ್ತಿರಲಿಲ್ಲ. ಬಿಸಿಲು ಹೋದ ಕೆಲವೇ ದಿನಗಳಲ್ಲಿ ಅವಳ ಮಾತು ಕಡಿಮೆಯಾಗುತ್ತಿತ್ತು. ಆಮೇಲೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಉಣಿಸಿದರೆ ಉಣ್ಣುವಳು, ಇಲ್ಲದಿದ್ದರೆ ಇಲ್ಲ. ಬಿಸಿಲು ಮತ್ತೆ ಬಂದ ದಿನ ತಾನಾಗಿ ಎದ್ದು ಮೈ ತೊಳೆದು ನಗುವಳು. ಒಂದು ಚಳಿಗಾಲದಲ್ಲಿ ಯಾರೂ ನೋಡದಾಗ ಮನೆಯಿಂದ ಹೊರಟುಹೋದಳು. ಹೆಪ್ಪುಗಟ್ಟಿದ ಹೊಳೆ ದಾಟಿದ ಹೆಜ್ಜೆಗಳನ್ನು ಹಿಡಿದು ಹುಡುಕಿದರು. ಆಚೆ ದಡದಲ್ಲಿ ಬಿಸಿಲು ಬೀಳುವ ಜಾಗದಲ್ಲಿ ಸಿಕ್ಕಳು. ಜೀವವಿರಲಿಲ್ಲ.

"ಮರುವರ್ಷ ನಾ ಗ್ವಾಡಿ ಕಡಿ ಮುಖ ಮಾಡಿ ಕುಂತೆ" ಎಂದಳು ಬಿಮಲಾ. "ನನಗೇ ಗೊತ್ತಾಗಲಿಲ್ಲ. ಅಪ್ಪ ನೋಡಿ ಹೊಡದ, ಎಬ್ಬಿಸಿದ. ಅಂಜಿಕಿ ಆತು ಅತ್ತಿ. ಇವರು ಚಹಾ ಕುಡ್ಯಾಕ ಬರ್ತಿದ್ರು. ನಿಮ್ಮೂರಾಗ ಥಂಡಿಗಿ ಬಿಸಲು ಬರ್ತದೇನು ಅಂತ ಕೇಳಿದೆ. ದಿನಾ ಬರ್ತದ, ಸಾಕಾಗುವಷ್ಟು ಬರ್ತದ ಅಂದ್ರು. ಅದಕ್ಕ ಮದಿವಿ ಆದೆ."

ಗುರುಶಾಂತಮ್ಮ ಸೊಸೆಯ ಸಿಪ್ಪೆ ಸುಲಿದ ಮುಖವನ್ನು ನೋಡಿದಳು. ಬೆವರುಗುಳ್ಳೆಯ ಬೆನ್ನಿನ ಮೇಲೆ ಗೋಣಿಯ ಗೆರೆಗಳು ಕೆಂಪಾಗಿ ಎದ್ದಿದ್ದವು.

"ಮತ್ತ ಆಂವ ಯಾಕ ನಿನ್ನ ಹೆಸರು ಹೇಳಿದ?"

ಬಿಮಲಾ ತಲೆ ತಗ್ಗಿಸಿದಳು. "ಅವರೇ ಹೇಳಲಿ."

ಮಗ ಚೇತರಿಸಿಕೊಂಡು ಮನೆಗೆ ಬರುವವರೆಗೆ ಗುರುಶಾಂತಮ್ಮ ಕಾದಳು. ಬಂದ ದಿನವೇ, ಅವನು ಪಡಸಾಲೆಯಲ್ಲಿ ಗೋಡೆಗೊರಗಿ ಮಜ್ಜಿಗೆ ಕುಡಿಯುತ್ತಿದ್ದಾಗ, ಎದುರಿಗೆ ಕೂತು ಕೇಳಿದಳು:

"ಬಿಸಲು ಯಾರಿಗಿ ತಡಿಯಂಗಿಲ್ಲೋ? ಖರೆ ಹೇಳು."

ಅಂಬಾರಾಯ ಹೆಂಡತಿಯ ಕಡೆ ನೋಡಿದ. ಅವಳು ಮುಖ ತಿರುಗಿಸಿದಳು.

"ನನಗ" ಎಂದ ಕಡೆಗೆ.

"ಆಕಿ ಸೆರಗಿನ ಹಿಂದ ಅಡಗಿ ಕುಂತಿದ್ಯಾ? ನಾ ಆಕಿಗಿ ಎಂಥಾ ಮಾತು ಅಂದೆ ಗೊತ್ತದೇನು? ಆಕಿ ಕೈ ನೀರು ಬಿಟ್ಟಿದ್ದೆ ನಾ!"

"ನಿನಗ ಹ್ಯಾಂಗ ಹೇಳಲವ್ವ?" ಅವನು ಮಜ್ಜಿಗೆಯ ಲೋಟ ಕೆಳಗಿಟ್ಟ. "ನಿನ್ನ ಊರು ನನಗ ಬ್ಯಾಡ ಅಂತ ಹ್ಯಾಂಗ ಹೇಳಲಿ? ನೀ ಒಬ್ಬಾಕಿನೇ ಈ ಬಿಸಲಾಗ ನಿಂತು ನನ್ನ ಸಾಕೀದಿ."

"ಏನು ಕಡಿಮಿ ಆತು ನಿನಗ ಇಲ್ಲಿ?"

"ಏನೂ ಕಡಿಮಿ ಇಲ್ಲ. ಕಾರಣನೂ ಇಲ್ಲ. ಸಣ್ಣಾಂವ ಇದ್ದಾಗಿಂದ ಹೋಳಿಹುಣ್ಣಿಮಿ ಬಂತಂದ್ರ ನನಗ ಎದಿ ಹಿಡೀತಿತ್ತು. ಅಲ್ಲಿ ಹೋದ ಮ್ಯಾಲೆ ಉಸಿರು ಸಡಲ ಆತು. ಥಂಡಿ ಗಾಳಿ, ಸಂಜಿ ಅಂದ್ರ ಮುಗಿಯಲಾರದ ಸಂಜಿ. ಅಲ್ಲಿ ನನಗ ಚೊಲೊ ಅನಸ್ತದ. ಅಷ್ಟೇ."

ಅಷ್ಟೇ ಎನ್ನುವುದೇ ಗುರುಶಾಂತಮ್ಮನಿಗೆ ಹೆಚ್ಚು ನೋಯಿಸಿತು. ಜಗಳವಾಡಿ ಹೋಗುವ ಮಗನನ್ನು ಜಗಳವಾಡಿ ನಿಲ್ಲಿಸಬಹುದಿತ್ತು. ಇವನು ಜಗಳವನ್ನೇ ಆಡುತ್ತಿರಲಿಲ್ಲ.

"ಆಕಿ ಕತಿ ನಿನಗ ಗೊತ್ತಿತ್ತಲ್ಲ" ಎಂದಳು. "ಗೊತ್ತಿದ್ದೂ ಕರಕೊಂಡು ಹೊಂಟಿದ್ಯಾ?"

"ಒಂದು ಸೀಸನ್ ಅಂತ ಹೇಳಿದ್ದೆ" ಎಂದು ಅಂಬಾರಾಯ ತಡವರಿಸಿದ. "ಥಂಡಿಗಿ ಕೆಳಗಿನ ಊರಾಗ ಖೋಲಿ ಹಿಡಿಯೋಣಂತ..."

"ಕೆಳಗೂ ಕತ್ತಲಿನೇ" ಎಂದಳು ಬಿಮಲಾ. ಮೊದಲ ಸಲ ಅವಳು ಗಂಡನಿಗೆ ಅತ್ತೆಯ ಮುಂದೆ, ಅತ್ತೆಯ ಭಾಷೆಯಲ್ಲಿ ಎದುರು ಮಾತಾಡಿದ್ದಳು. "ನೀವು ಹೋಗ್ರಿ. ಘಾಟ್ ಮುಚ್ಚೂದ್ರಾಗ ಬರ್ರಿ. ನಾ ಇಲ್ಲೇ ಇರ್ತೇನಿ."

"ಹೆಂಡ್ತಿ ಬಿಟ್ಟು ಹೋದ ಅಂತಾರ ಮಂದಿ!"

"ಅನ್ನಲಿ."

ಮುಂದಿನ ದಿನಗಳು ಸುಲಭವಾಗಿರಲಿಲ್ಲ. ಅಂಬಾರಾಯ ಒಮ್ಮೆ ಹೋಗುವುದೇ ಇಲ್ಲ ಎನ್ನುವನು, ಮರುದಿನ ಟ್ರಂಕು ತೆಗೆದು ಧೂಳು ಒರೆಸುವನು. ಗಂಡ ಹೆಂಡತಿ ಕೋಣೆಯಲ್ಲಿ ಹಿಂದಿಯಲ್ಲಿ ಜಗಳಾಡುವುದು ಗುರುಶಾಂತಮ್ಮನಿಗೆ ಕೇಳುತ್ತಿತ್ತು. ನಡುವೆ ಸಕ್ಕುಬಾಯಿ ಬಂದು, "ಗಂಡ ಹೋಗಿ ಅಲ್ಲೇ ಇನ್ನೊಬ್ಬಾಕೀನ್ನ ಮಾಡಿಕೊಂಡ್ರ?" ಎಂದು ಬೇಕೆಂದೇ ಬಿಮಲಾ ಇರುವಾಗ ಕೇಳಿದಳು. ಗುರುಶಾಂತಮ್ಮ ಅವಳನ್ನು ಬಾಗಿಲವರೆಗೆ ಕಳಿಸಿ ಬಂದಳು. ಆದರೆ ಅದೇ ಪ್ರಶ್ನೆ ಅವಳ ಹೊಟ್ಟೆಯಲ್ಲೂ ಇತ್ತು. ಹೋದವನು ಬಾರದಿದ್ದರೆ? ಈ ಹುಡುಗಿಗೆ ಏನು ಹೇಳುವುದು? ತನಗೆ ತಾನೇ ಏನು ಹೇಳಿಕೊಳ್ಳುವುದು?

ಆದರೂ ಮೊದಲ ಮಳೆ ಬಿದ್ದ ಮರುದಿನ ಅವಳೇ ಮಗನ ಟ್ರಂಕಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಟ್ಟಳು. ಬಸ್ಸಿನ ಹತ್ತಿರ ಅಂಬಾರಾಯ ಅವಳ ಕಾಲು ಮುಟ್ಟಿದಾಗ, "ಹೋಗಿ ಬಾ" ಎಂದಳು. 'ಬಾ' ಎನ್ನುವುದನ್ನು ಒತ್ತಿ ಹೇಳಿದಳು.

ಆ ಮಳೆಗಾಲ ಅತ್ತೆ ಸೊಸೆ ಕೂಡಿ ತೊಗರಿ ಬಿತ್ತಿಸಿದರು, ಕಸ ತೆಗೆದರು. ಒಡೆದ ಒಡ್ಡನ್ನು ಭಗವಂತ ಇಬ್ಬರು ಆಳುಗಳನ್ನು ಹಚ್ಚಿ ಹಾಕಿಸಿಕೊಟ್ಟ. ಬಿಮಲಾಳ ಮುಖ ಕಪ್ಪಾಗಿ, ಮೈ ತುಂಬಿಕೊಂಡಿತು. ಮೋಡ ಕವಿದು ನಾಲ್ಕಾರು ದಿನ ಬಿಸಿಲು ಬಾರದಿದ್ದರೆ ಮಾತ್ರ ಗುರುಶಾಂತಮ್ಮ ಅವಳನ್ನು ಕಣ್ಣಿಟ್ಟು ನೋಡುತ್ತಿದ್ದಳು. ದೀಪಾವಳಿ ಕಳೆದು ಹಗಲು ಸಣ್ಣದಾಗತೊಡಗಿದಾಗ ಆ ದಿಗಿಲು ಇನ್ನೂ ಹೆಚ್ಚಾಯಿತು. ಒಂದು ದಿನ ಹೊಲದಿಂದ ಬಂದು ನೋಡಿದರೆ ಬಿಮಲಾ ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಗುರುಶಾಂತಮ್ಮ ಹೊತ್ತ ಹೊರೆಯನ್ನು ಅಲ್ಲೇ ಕೆಡವಿ ಓಡಿ ಅವಳ ಭುಜ ಹಿಡಿದು ತಿರುಗಿಸಿದಳು. ಬಿಮಲಾಳ ಕೈ ಮೊಣಕೈವರೆಗೆ ಕೆಂಪು ಮಣ್ಣಾಗಿತ್ತು.

"ಗ್ವಾಡಿ ಬಳಿಯಾಕತ್ತೇನಿ ಅತ್ತಿ" ಎಂದಳು ಗಾಬರಿಯಿಂದ. "ಏನಾತು?"

"ಏನಿಲ್ಲ" ಎಂದು ಗುರುಶಾಂತಮ್ಮ ಹೊಸ್ತಿಲ ಮೇಲೆ ಕೂತುಬಿಟ್ಟಳು. "ಏನಿಲ್ಲ. ಬಾಗಲ ತಕ್ಕೊಂಡು ಬಳಿ."

ಕಾರ್ತೀಕ ಮುಗಿಯಿತು. ಅಂಬಾರಾಯ ಬರಲಿಲ್ಲ. ಆ ವರ್ಷ ಬೆಟ್ಟಗಳಲ್ಲಿ ಬರ್ಫ್ ಬೇಗ ಬಿತ್ತೆಂದೂ, ಘಾಟಿನ ಆಚೆ ಲಾರಿಗಳು ಸಿಕ್ಕಿಕೊಂಡಿವೆಯೆಂದೂ ಚಹಾದಂಗಡಿಯ ರೇಡಿಯೋ ಕೇಳಿದವರು ಹೇಳಿದರು. ಆಚೆ ಸಿಕ್ಕಿಕೊಂಡರೆ ಮುಂದಿನ ಬೇಸಿಗೆಯವರೆಗೆ ದಾರಿಯಿಲ್ಲವೆಂದು ಬಿಮಲಾ ಹೇಳಿದಳು. ಹೇಳುವಾಗ ಅವಳ ದನಿಯಲ್ಲಿ ಏನೂ ಇರಲಿಲ್ಲ, ಅದೇ ಹೆದರಿಕೆಯಾಗುವಂತಿತ್ತು. ಮಾರ್ಗಶಿರದಲ್ಲಿ ತೊಗರಿ ಕಾಯಿ ಕಟ್ಟಿತು. ಎಳೆ ಬಿಸಿಲಿನಲ್ಲಿ ಇಬ್ಬರೂ ಹೊಲ ಕಾಯುತ್ತ ಬದುವಿನ ಮೇಲೆ ಕೂರುತ್ತಿದ್ದರು.

ಒಂದು ಮಧ್ಯಾಹ್ನ ಆಳಂದದ ಬಸ್ಸಿನಿಂದ ಇಳಿದು ಹೊಲದ ದಾರಿಯಲ್ಲಿ ಒಬ್ಬ ಕುಂಟುತ್ತ ಬರುತ್ತಿದ್ದ. ಗಡ್ಡ ಬೆಳೆದಿತ್ತು. ಮುಖ ಸುಟ್ಟು ಕರ್ರಗಾಗಿತ್ತು. ಬಿಮಲಾ ಮೊದಲು ಗುರುತಿಸಿದಳು. ಆದರೆ ಏಳಲಿಲ್ಲ, ಅತ್ತೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಂಬಾರಾಯ ಬಂದು ಬದುವಿನ ಮೇಲೆ ಕೂತ. ಘಾಟಿನ ಮೇಲೆ ಲಾರಿ ಬಿಟ್ಟು ನಡೆದೇ ಇಳಿದಿದ್ದ. ಎಡಗಾಲಿನ ಎರಡು ಬೆರಳು ಥಂಡಿಗೆ ಸತ್ತುಹೋಗಿದ್ದವು. ಕೆಳಗಿನ ದವಾಖಾನೆಯಲ್ಲಿ ತೆಗೆಸಿಕೊಂಡು, ಗಾಯ ಮಾಯುವವರೆಗೆ ಅಲ್ಲೇ ಇದ್ದು ಬಂದಿದ್ದ.

ಗುರುಶಾಂತಮ್ಮ ಮಗನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡಿದಳು. ಬೈಗುಳ ಬಾಯಿಗೆ ಬಂತು. ಬಿಸಿಲು ಒಮ್ಮೆ ಹಿಡಿಯಿತು, ಥಂಡಿ ಒಮ್ಮೆ ಹಿಡಿಯಿತು, ಇನ್ನು ಯಾವ ನೆಲ ನೋಡುತ್ತೀ ಎಂದು ಕೇಳಬೇಕೆನಿಸಿತು. ಕೇಳಿದ್ದು ಬೇರೆ:

"ಮತ್ತ ಹೋಗ್ತೀಯೇನು?"

ಅಂಬಾರಾಯ ಹೆಂಡತಿಯ ಮುಖ ನೋಡಿದ. ಸುಳ್ಳು ಹೇಳಲಿಲ್ಲ. "ಹೋಗ್ತೇನವ್ವ. ಆದ್ರ ದಸರಾ ಆದ ಕೂಡಲೇ ಇಳೀತೇನಿ. ಈ ಸಲ ಆಸಿ ಮಾಡಿ ಕಡೀ ಟ್ರಿಪ್ ಹೊಡದೆ, ಅದಕ್ಕ ಹಿಂಗಾತು."

ಬಿಮಲಾ ಅವನ ಬೂಟಿನೊಳಗಿನ ಬಟ್ಟೆ ಬಿಚ್ಚಿ, ಒಗೆದು ಬರಲೆಂದು ಹಳ್ಳದ ಕಡೆ ನಡೆದಳು. ಸಿಟ್ಟಿದೆಯೋ ಸಮಾಧಾನವಿದೆಯೋ ಅವಳ ಬೆನ್ನು ನೋಡಿ ಹೇಳುವಂತಿರಲಿಲ್ಲ. ಗುರುಶಾಂತಮ್ಮ ಹಸಿ ತೊಗರಿಕಾಯಿ ಬಿಡಿಸಿ ಮಗನ ಕೈಗೆ ಹಾಕಿದಳು. ಅವನು ತಿನ್ನುತ್ತ ಕಣ್ಣು ಮುಚ್ಚಿ ಬಿಸಿಲಿಗೆ ಮುಖ ಒಡ್ಡಿದ. ಮಾರ್ಗಶಿರದ ಬಿಸಿಲು, ಯಾರನ್ನೂ ನೋಯಿಸುವಂಥದಲ್ಲ.